ಚದರ ಅಡಿಗೆ ಹದಿನೆಂಟು ರೂಪಾಯಿ

ನಾನು ಲಾದಿ ಮಿಸ್ತ್ರಿ. ನೆಲಕ್ಕೆ ಕೂರಿಸುವ ಟೈಲ್ಸನ್ನು ಮುಂಬೈ ಕಡೆ ಲಾದಿ ಅನ್ನುತ್ತಾರೆ. ಈ ಕೆಲಸದ ಮೊದಲ ಪಾಠ, ಕೋಣೆಯ ದೂರದ ಗೋಡೆಯಿಂದ ಶುರುಮಾಡಿ, ಹಿಂದೆ ಸರಿಯುತ್ತ ಬಾಗಿಲಿಗೆ ಬರಬೇಕು ಎನ್ನುವುದು. ಎಮ್ಮೆಗೂ ಅರ್ಥವಾಗುತ್ತದೆ. ಏಳು ವರ್ಷ ಅನುಭವವಿದ್ದ ನಾನು ನವಿ ಮುಂಬೈನ ಘಣಸೋಲಿಯ ಒಂದು ಹೊಸ ಕಟ್ಟಡದ ಹದಿನಾಲ್ಕನೇ ಮಹಡಿಯಲ್ಲಿ ಬಾಗಿಲಿನಿಂದ ಶುರುಮಾಡಿ ಕಿಟಕಿಗೆ ಬಂದು ನಿಂತೆ. ಮುಂದೆ ಹಸಿ ನೆಲ, ಹಿಂದೆ ಆಕಾಶ.

ಇದಕ್ಕೊಂದು ಕಾರಣವಿತ್ತು. ಅಂದು ನನಗೆ ನೋಡಿದ್ದ ಹುಡುಗಿಯ ಸೋದರಮಾವ ನನ್ನನ್ನು ನೋಡಲು ಬರುವವರಿದ್ದರು. ಕತ್ತರಿಸಿದ ತುಂಡುಗಳು ಕೊನೆಗೆ ಹೋಗಲಿ, ಬಾಗಿಲಲ್ಲೇ ಇಡಿಯಾದ, ಕನ್ನಡಿಯಂಥ ಲಾದಿಗಳು ಅವರ ಕಣ್ಣಿಗೆ ಬೀಳಲಿ ಎಂದು ಅಲ್ಲಿಂದಲೇ ಕೂರಿಸುತ್ತ ಹೋದೆ. ಠಾಣೆ ಪಕ್ಕದ ದಿವಾದಲ್ಲಿರುವ ಅಕ್ಕ ಹುಡುಕಿದ ಮೂರನೇ ಸಂಬಂಧ ಇದು. ಮೊದಲಿನೆರಡೂ ‘ಫಿಕ್ಸ್ ಪಗಾರ ಇಲ್ಲ’ ಎಂದು ಮುರಿದುಬಿದ್ದಿದ್ದವು. ಇದೂ ಹೋದರೆ ತಾನು ಇನ್ನು ಯಾರನ್ನೂ ಕೇಳುವುದಿಲ್ಲ ಎಂದು ಅಕ್ಕ ಹೇಳಿಬಿಟ್ಟಿದ್ದಳು.

ನಾನು ಮಲಗುವುದು ಕೆಲಸ ನಡೆಯುವ ಕಟ್ಟಡದಲ್ಲೇ. ಠಾಣೆ, ಡೊಂಬಿವಲಿ, ಕಲ್ಯಾಣ ಸೇರಿ ಎಷ್ಟು ಮನೆಗಳಿಗೆ ನೆಲ ಹಾಕಿದ್ದೇನೋ ಲೆಕ್ಕವಿಲ್ಲ. ಆ ನೆಲದ ಮೇಲೆ ಒಬ್ಬರೂ ಕೂತು ಉಂಡಿದ್ದನ್ನು ನೋಡಿಲ್ಲ. ಜನ ಬರುವಷ್ಟರಲ್ಲಿ ನನ್ನ ಗಂಟುಮೂಟೆ ಮುಂದಿನ ಕಟ್ಟಡ ಸೇರಿರುತ್ತದೆ.

ಸೋದರಮಾವ ಕಲ್ಯಾಣದಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿದವರು, ನಮ್ಮ ಕಲಬುರಗಿ ಕಡೆಯವರೇ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತರು.

“ಅಲ್ಲೇ ಯಾಕ್ ನಿಂತಿದಿ ತಮ್ಮಾ? ಹೊರಗ ಬಾ.”

“ಬರಾಕ್ ಆಗಲ್ರೀ ಕಾಕಾ, ನೆಲ ಹಸಿ ಅದ.”

“ಮತ್ತ ನೀ ಯಾವಾಗ ಹೊರಗ ಬರ್ತಿ?”

“ನಾಳಿ ಮುಂಜಾನಿ ಬರ್ತೀನ್ರೀ.”

ಅವರು ನಗು ಮುಚ್ಚಿಕೊಳ್ಳಲು ಸೂರು ನೋಡಿದರು. ಸಿಮೆಂಟು-ಮರಳಿನ ಮಸಾಲೆ ಕಲಸುವ ಆಳು ಮಧ್ಯಾಹ್ನವೇ ಊರಿನ ರೈಲು ಹಿಡಿಯಲು ಹೋಗಿದ್ದ. ಹಲಗೆ ಹಾಕಿ ನನ್ನನ್ನು ದಾಟಿಸುವವರು ಯಾರೂ ಇರಲಿಲ್ಲ. ಹಾಗಾಗಿ ವರಪರೀಕ್ಷೆ ಹತ್ತಡಿ ದೂರದಿಂದಲೇ, ಕೂಗಿಕೊಂಡು ನಡೆಯಿತು.

“ನಿಮ್ಮಕ್ಕ ತಿಂಗಳಿಗಿ ಮೂವತ್ತೈದು ಸಾವಿರ ಅಂದಾಳ. ಖರೇನು?”

ಆ ಸುಳ್ಳನ್ನು ಅಕ್ಕನ ಬಾಯಿಗೆ ಹಾಕಿದ್ದು ನಾನೇ. “ಹೌದ್ರೀ,” ಅಂದೆ. ಖಾಲಿ ಗೋಡೆಗಳು ಅದನ್ನೇ ಇನ್ನೊಮ್ಮೆ ಹೇಳಿದವು. ಎರಡನೇ ಸಲ ನನಗೇ ನಂಬಿಕೆ ಬರಲಿಲ್ಲ.

“ಫೂಟಿಗಿ ಎಷ್ಟ್ ಕೊಡ್ತಾರ?”

“ಹದಿನೆಂಟು.”

“ದಿನಕ್ಕ ಎಷ್ಟ್ ಫೂಟ್ ಆಗ್ತದ?”

“ತೊಂಬತ್ತು ಹಿಡೀರಿ. ಅದ್ರಾಗ ಆಳಿಗಿ ಆರ್ನೂರು ಹೋಗ್ತದ.”

ಅವರು ಬೆರಳು ಮಡಚಿ ಕೂಡಿಸಿದರು. “ಅಂದ್ರ ಸಾವಿರದ ಇಪ್ಪತ್ತು. ತಿಂಗಳಿಡೀ ಒಂದಿನಾ ಖಾಲಿ ಕೂಡಲಾರ್ದೆ ದುಡದ್ರೂ ಮೂವತ್ತೊಂದು ಆಗಂಗಿಲ್ಲ. ಹೋದ ತಿಂಗಳ ಎಷ್ಟ್ ಬಂತು?”

ಹೋದ ತಿಂಗಳು ಪ್ಲಂಬರನ ಪೈಪು ಮುಗಿಯಲಿಲ್ಲವೆಂದು ಹದಿನೆಂಟು ದಿನ ಸಿಮೆಂಟ್ ಚೀಲಗಳಿಗೆ ಕಾವಲುಗಾರನಂತೆ ಕೂತಿದ್ದೆ.

“ಹನ್ನೆರಡು,” ಅಂದೆ.

ಅವರು ಬೈಯಲಿಲ್ಲ. “ಹುಡುಗಿ ಪ್ಯಾಕಿಂಗ್ ಕಂಪನಿಗಿ ಹೋಗ್ತಾಳ. ಹದಿನಾಲ್ಕು, ಫಿಕ್ಸು,” ಎಂದಷ್ಟೇ ಹೇಳಿ, ಬಗ್ಗಿ ಚಪ್ಪಲಿ ಹುಡುಕಿದರು.

ಓಡಿಹೋಗಿ ಕೈ ಹಿಡಿದು, ಒಂದು ಚಾ ಕುಡೀರಿ ಎನ್ನಬೇಕಿತ್ತು. ಕಾಲು ಎತ್ತಿದೆ ಕೂಡ. ನಾಲ್ಕು ಹೆಜ್ಜೆಗೆ ನಾಲ್ಕು ಲಾದಿ ಕುಸಿಯುತ್ತವೆ, ಸುತ್ತಲಿನವು ಸೊಟ್ಟಗಾಗುತ್ತವೆ, ಇಡೀ ದಿನದ ಕೂಲಿ ಹೋಗುತ್ತದೆ. ಕಾಲು ಕೊಕ್ಕರೆಯ ಕಾಲಿನಂತೆ ಗಾಳಿಯಲ್ಲೇ ನಿಂತು ಈ ಲೆಕ್ಕ ಮುಗಿಸಿ ಕೆಳಗಿಳಿಯಿತು. ಅಷ್ಟರಲ್ಲಿ ಲಿಫ್ಟಿನ ಬಾಗಿಲು ಮುಚ್ಚಿದ ಸದ್ದಾಯಿತು.

ಕತ್ತಲಾದ ಮೇಲೆ ಅಕ್ಕ ಫೋನ್ ಮಾಡಿದಳು. “ಪಗಾರ ಕೇಳಿದ್ರೇನು?”

“ಕೇಳಿದ್ರು. ಖರೇ ಹೇಳ್ದೆ.”

ಅವಳ ಕಡೆಯಿಂದ ಲೋಕಲ್ ರೈಲಿನ ಸದ್ದು ಹಾದುಹೋಯಿತು. ಆಮೇಲೆ, “ಉಂಡಿ?” ಅಂದಳು.

“ಉಂಡೆ,” ಅಂದೆ. ಬುತ್ತಿ ಡಬ್ಬಿ ಹಸಿ ನೆಲದಾಚೆ, ಬಾಗಿಲ ಹೊರಗಿನ ಕೋಣೆಯಲ್ಲಿತ್ತು.