ಬೀಗದ ಜಾಹೀರಾತಿನ ಕಳ್ಳ

ಟಿವಿಯಲ್ಲಿ ಕಾಣಿಸಿಕೊಳ್ಳುವವರೆಗೆ ಮೆಷಿನ್ ಮಾವನಿಗೆ ಹೆದರಿಕೆ ಅಂತ ಇದ್ದದ್ದು ಒಂದೇ: ಒದ್ದೆ ನೆಲದ ಮೇಲೆ ನಿಂತು ಕರೆಂಟು ಮುಟ್ಟುವುದು. ಮನೆಮನೆಗೆ ಹೋಗಿ ವಾಷಿಂಗ್ ಮೆಷಿನ್ ರಿಪೇರಿ ಮಾಡುವವನಿಗೆ ಅಷ್ಟು ಹೆದರಿಕೆ ಇರಲೇಬೇಕು. ಇಲ್ಲದವರು ಆ ಕಸುಬಿನಲ್ಲಿ ಬಹಳ ದಿನ ಉಳಿಯುವುದಿಲ್ಲ; ಕೆಲವರು ಭೂಮಿಯ ಮೇಲೂ ಉಳಿಯುವುದಿಲ್ಲ. ಟಿವಿಗೆ ಬಂದ ಮೇಲೆ ಆ ಹಳೆಯ ಹೆದರಿಕೆ ಸಣ್ಣದಾಗಿಬಿಟ್ಟಿತು.

ಮಾವ ಹೊಳೆಯಾಚೆಯವನು. ಹೊಳೆ ದಾಟಿ ಬಂದದ್ದು ಅವನ ತಾತ. ಇವನು ಈಚೆಯಲ್ಲೇ ಹುಟ್ಟಿ, ಈಚೆಯಲ್ಲೇ ಹಾಲುಹಲ್ಲು ಉದುರಿಸಿಕೊಂಡು, ಈಚೆಯವರಷ್ಟೇ ಚೆನ್ನಾಗಿ ಬೈಯಲು ಕಲಿತವನು. ಆಚೆ ದಡವನ್ನು ಬಸ್ಸಿನ ಕಿಟಕಿಯಿಂದ ಕೂಡ ನೋಡಿದವನಲ್ಲ. ಆದರೆ ತಾತ ಬಿಟ್ಟುಹೋದ ಕಪ್ಪು ಬಣ್ಣ, ಸುರುಳಿ ಕೂದಲು, ಅಗಲ ಮೂಗು ಒಂದಿಷ್ಟೂ ಸವೆಯದೆ ಇವನವರೆಗೆ ಬಂದು ತಲುಪಿದ್ದವು.

ನಮ್ಮ ಟಿವಿಯಲ್ಲಿ ಹೊಳೆಯಾಚೆಯವರಿಗೆ ಕೆಲಸಕ್ಕೇನೂ ಬರವಿಲ್ಲ. ಧಾರಾವಾಹಿಯಲ್ಲಿ ಗೇಟಿನ ಬಳಿ ತೂಕಡಿಸುವವನು ಹೊಳೆಯಾಚೆಯವನು. ಟೂತ್‌ಪೇಸ್ಟ್ ಜಾಹೀರಾತಿನಲ್ಲಿ ಕಾರಣವಿಲ್ಲದೆ ಹಲ್ಲು ಕಿರಿದು ಕುಣಿಯುವವನೂ ಅವನೇ. ಅಪರಾಧದ ಕಾರ್ಯಕ್ರಮದಲ್ಲಂತೂ ಕಳ್ಳನ ಮುಖಕ್ಕೆ ಮಸುಕು ಹಾಕಿ, ಕೂದಲು ಮಾತ್ರ ಚೆನ್ನಾಗಿ ಕಾಣುವಂತೆ ನೋಡಿಕೊಳ್ಳುತ್ತಾರೆ. ನಾವದನ್ನು ಊಟ ಮಾಡುತ್ತ ನೋಡುತ್ತೇವೆ, ತುತ್ತೇನೂ ಗಂಟಲಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಮಾವನೂ ಊಟ ಮಾಡುತ್ತಲೇ ನೋಡುತ್ತಿದ್ದ.

ಹೀಗಿರುವಾಗ ಜಾಹೀರಾತು ನಿರ್ದೇಶಕನೊಬ್ಬನ ಮನೆಯ ಮೆಷಿನ್ ಕೆಟ್ಟಿತು. ನಿರ್ದೇಶಕ ಸಾಮಾನ್ಯ ಮನುಷ್ಯನಲ್ಲ. ಮನೆಯೊಳಗೂ ಕಪ್ಪು ಕನ್ನಡಕ ಹಾಕಿಕೊಳ್ಳುವವನು, ಸೋಪಿನ ಬಗ್ಗೆ ಮಾತಾಡುವಾಗಲೂ ‘ಮಾನವೀಯತೆ’ ಎಂಬ ಮಾತನ್ನು ತರದೆ ಬಿಡದವನು. ಮಾವ ತನ್ನ ವಾಡಿಕೆಯಂತೆ ಮೆಷಿನ್ ಓಡಲು ಬಿಟ್ಟು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಬೆನ್ನಿಗಿಟ್ಟು, ಹಿಡಿಯನ್ನು ಕಿವಿಗೊತ್ತಿಕೊಂಡು ಕಣ್ಣು ಮುಚ್ಚಿ ಕೂತ. ಒಳಗೆ ಬೇರಿಂಗ್ ಸವೆದಿದ್ದರೆ ಹಾಗೆ ಕೇಳಿಸುತ್ತದೆ.

“ಹಾಗೇ ಇರಿ!” ಎಂದು ನಿರ್ದೇಶಕ ಕೂಗಿದ. “ಅಬ್ಬಬ್ಬಾ, ಏನು ಮುಖಾ ರೀ ನಿಮ್ದು! ಎಷ್ಟು ಸಹಜ!”

ಮಾವನ ಮುಖವನ್ನು ಅದುವರೆಗೆ ಯಾರೂ ಹೊಗಳಿರಲಿಲ್ಲ. ಹೆಣ್ಣು ನೋಡಲು ಹೋದಾಗ ಹುಡುಗಿ ಕೂಡ “ಪರವಾಗಿಲ್ಲ” ಅಂದಿದ್ದಳಷ್ಟೇ. ಅವನು ಉಬ್ಬಿಹೋಗಿ ಒಪ್ಪಿಕೊಂಡ. ಅದು ಬೀಗದ ಜಾಹೀರಾತು. ಅದೇ ಸ್ಕ್ರೂಡ್ರೈವರ್, ಅದೇ ಮುಚ್ಚಿದ ಕಣ್ಣು. ಮೆಷಿನ್ ಜಾಗದಲ್ಲಿ ಯಾರದೋ ಮನೆಯ ಮುಂಬಾಗಿಲು. ಬೀಗಕ್ಕೆ ಕಿವಿಗೊಟ್ಟ ಕಳ್ಳ ಸೋತು, ತಲೆ ಚಚ್ಚಿಕೊಂಡು ಓಡಿಹೋಗುತ್ತಾನೆ.

“ಹೋಗಿ ಹೋಗಿ ಕಳ್ಳನ ಪಾರ್ಟಾ?” ಎಂದಳು ಹೆಂಡತಿ, ಟಿವಿಯ ಮುಂದೆ ಕೂತು.

“ನಟನೆ ಕಣೇ.”

“ಹಾಗಂತ ಕೆಳಗೆ ಬರೆದಿದಾರಾ?”

ಬರೆದಿರಲಿಲ್ಲ.

ಬಸ್ಸಿನಲ್ಲಿ ಪಕ್ಕದವರು ಚೀಲವನ್ನು ಮಡಿಲಿಗೆ ಎಳೆದುಕೊಳ್ಳತೊಡಗಿದರು. ಮಾವ ಮೊದಮೊದಲು ನಕ್ಕ. ನಕ್ಕರೆ ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ ಎಂದು ಗೊತ್ತಾದ ಮೇಲೆ ನಗುವುದನ್ನು ಬಿಟ್ಟ. ಆಮೇಲೆ ಜೇಬಿನಲ್ಲಿ ಕೈ ಇಡುವುದನ್ನು ಬಿಟ್ಟ, ಯಾರ ಹಿಂದೆಯೂ ನಡೆಯುವುದನ್ನು ಬಿಟ್ಟ. ಯಾರದೇ ಮಹಡಿ ಹತ್ತುವಾಗ ಕ್ಷಯ ಹಿಡಿದವನಂತೆ ಕೆಮ್ಮುತ್ತ ಹತ್ತುತ್ತಿದ್ದ, ಕದ್ದು ಬಂದ ಅನ್ನದಿರಲಿ ಎಂದು. ಹೋದ ವರ್ಷ ಪಕ್ಕದ ಬಡಾವಣೆಯಲ್ಲಿ ಹೊಳೆಯಾಚೆಯ ಗಾರೆಯವನೊಬ್ಬನನ್ನು ಜನ ಬರೀ ಅನುಮಾನದ ಮೇಲೆ ಹಿಡಿದು ಹೊಡೆದಿದ್ದರು. ಅವನು ಇವತ್ತಿಗೂ ಕುಂಟುತ್ತಾನೆ. ಮಾವನಿಗೆ ಆ ಕುಂಟುವ ಕಾಲು ಕನಸಿನಲ್ಲಿ ಬರತೊಡಗಿತು.

ಒಂದು ಮಧ್ಯಾಹ್ನ, ಅವನ ಹಳೆಯ ಗಿರಾಕಿ ಟೀಚರಮ್ಮ ಹಿಂದಿನ ದಿನ ಹೇಳಿದ್ದಂತೆ, ಅವರ ಮೇಲಿನ ಮಹಡಿಯ ಅಜ್ಜಿಯ ಮನೆಗೆ ಅವನು ಹೋದ. ಅಜ್ಜಿ ಒಬ್ಬರೇ ಇದ್ದರು. ಮೆಷಿನ್ ಬಚ್ಚಲುಮನೆಯಲ್ಲಿತ್ತು. ಮಾವ ಕೆಮ್ಮಿದ, ಕೈ ತೋರಿಸಿದ, ಟೀಚರಮ್ಮನ ಹೆಸರು ಹೇಳಿದ. ಅಜ್ಜಿ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಮೆಷಿನ್ ಗಡಗಡ ಅಂದ ತಕ್ಷಣ ಅವನ ಕೈ ಅವನನ್ನು ಕೇಳದೆಯೇ ಸ್ಕ್ರೂಡ್ರೈವರನ್ನು ಕಿವಿಗೊತ್ತಿತು. ಕಣ್ಣು ಮುಚ್ಚಿತು.

ಕಣ್ಣು ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಹೊರಗಡೆ ಚಿಲಕ ಎಳೆದ ಸದ್ದು.

“ಅಮ್ಮಾ? ಬಾಗಿಲು ಹಾಕ್ಕೊಂಡುಬಿಟ್ಟಿದೆ ಅನ್ಸುತ್ತೆ.”

ಉತ್ತರ ಬಂದದ್ದು ಮೆಟ್ಟಿಲ ಕಡೆಯಿಂದ. “ಯಾರಾದ್ರೂ ಬನ್ರಪ್ಪಾ! ಬೀಗದ ಕಳ್ಳ ನಮ್ಮನೇಲಿದಾನೆ! ಕೂಡಿಹಾಕಿದೀನಿ!”

ಮಾವ ಸುತ್ತ ನೋಡಿದ. ಬಚ್ಚಲ ಕಿಟಕಿ ಒಂದು ತೆಂಗಿನಕಾಯಿ ಹಿಡಿಸುವಷ್ಟಿತ್ತು. ಹೊರಗೆ ಚಪ್ಪಲಿಗಳ ಸದ್ದು ಒಂದೊಂದಾಗಿ ಸೇರಿ ಗುಂಪಾಯಿತು. ಏನನ್ನೋ ಎಳೆದು ತಂದಂತೆ ನೆಲ ಕೆರೆದ ಸದ್ದು. ಕೋಲೋ, ಕುರ್ಚಿಯೋ?

“ಎಲ್ರೂ ಶಾಂತವಾಗಿರಿ, ನಾನಿದೀನಿ,” ಎಂದರು ಮಹಡಿಮನೆಗಳ ಸಂಘದ ಕಾರ್ಯದರ್ಶಿ. ದನಿ ಎಲ್ಲರಿಗಿಂತ ಹಿಂದಿನಿಂದ ಬಂತು.

“ಟಿವೀಲಿ ಬರೋನು ನಟ ಅಲ್ವಾ ಸಾರ್?”

“ನಟ ಆಗೋಕೂ ಮುಖ ಬೇಕಲ್ರೀ! ಸುಮ್ಸುಮ್ನೆ ಕಳ್ಳನ ಪಾರ್ಟ್ ಕೊಡ್ತಾರಾ? ನನ್ನ ಯಾಕೆ ಕರೀಲಿಲ್ಲ?”

“ಸಾರ್, ನಾನು ರಿಪೇರಿಯವನು!” ಮಾವ ಬಾಗಿಲಿಗೆ ಬಾಯಿಟ್ಟು ಕೂಗಿದ. “ಕೆಳಗಿನ ಟೀಚರಮ್ಮನ್ನ ಕೇಳಿ!”

“ಟೀಚರಮ್ಮ ಸ್ಕೂಲಿಂದ ಬಂದಿಲ್ಲ. ಅದನ್ನೂ ತಿಳ್ಕೊಂಡೇ ಬಂದಿದಾನೆ ನೋಡಿ!”

ಮಾವ ನಿರ್ದೇಶಕನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಬಾಗಿಲ ಕೆಳಗಿನ ಸಂದಿಗೆ ಹಿಡಿದ. “ಸಾರ್, ನಾನ್ಯಾರು ಅಂತ ಇವರಿಗೆ ಸ್ವಲ್ಪ ಹೇಳಿ.”

“ಅಭಿಮಾನಿಗಳಾ?” ನಿರ್ದೇಶಕನ ದನಿ ಹಿಗ್ಗಿತು. “ಹೌದ್ರೀ, ಅವನು ನಮ್ಮ ಕಳ್ಳ! ಅಪ್ಪಟ ಕಳ್ಳ! ಅಂಥವನು ಹುಡುಕಿದ್ರೂ ಸಿಗಲ್ಲ!” ಅಷ್ಟು ಹೇಳಿ, ಮೀಟಿಂಗ್ ಇದೆ ಎಂದು ಫೋನ್ ಇಟ್ಟ.

ಚಿಲಕ ತೆಗೆಯುವ ಧೈರ್ಯ ಹೊರಗಿದ್ದ ಯಾರಿಗೂ ಇರಲಿಲ್ಲ. ಆದರೂ ಬಾಗಿಲಿಗೆ ಮೊದಲನೆಯ ಒದೆ ಬಿತ್ತು. ಮಾವ ಮೆಷಿನ್ ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ತೂರಿಕೊಂಡು ಎರಡು ಕಾಲನ್ನೂ ತಬ್ಬಿ ಕೂತ. ಹೊಡೆದರೆ ಕಾಲಿಗೆ ಬೇಡ, ಬೇರೆ ಎಲ್ಲಿಗಾದರೂ ಹೊಡೆಯಲಿ ಎಂದು ಬೇಡಿಕೊಂಡ. ದಿನವೂ ಮಹಡಿ ಹತ್ತಬೇಕಾದ ಕಸುಬು ಅವನದು.

ಆಗ ಟೀಚರಮ್ಮನ ದನಿ, ತರಗತಿಯನ್ನು ಗದರಿಸುವ ದನಿ, ಮೆಟ್ಟಿಲು ಹತ್ತಿ ಬಂತು. “ಏನ್ರೀ ಇದು ಸಂತೆ? ನಾನೇ ಕಣ್ರೀ ಅವರನ್ನ ಕಳಿಸಿದ್ದು! ಸರೀರೀ ಆ ಕಡೆ!”

ಚಿಲಕ ಸರಿದು ಬಾಗಿಲು ತೆರೆಯಿತು. ಕೋಲು ಹಿಡಿದವರು ಕೋಲನ್ನು ಬೆನ್ನ ಹಿಂದೆ ಇಟ್ಟುಕೊಂಡರು. “ನಾನು ಮೊದಲೇ ಅಂದೆ, ಶಾಂತವಾಗಿರಿ ಅಂತ,” ಎಂದು ಕಾರ್ಯದರ್ಶಿ ಈಗ ಎಲ್ಲರಿಗಿಂತ ಮುಂದೆ ಬಂದು, ಮಾವನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು. ಮಾವ ನಗಲಿಲ್ಲ. ನಗಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ.

“ನಂಗೆ ತುಂಬಾ ಭಯ ಆಗೋಯ್ತಪ್ಪಾ,” ಎಂದರು ಅಜ್ಜಿ. ಟೀಚರಮ್ಮನ ತೋಳನ್ನು ಅವರು ಇನ್ನೂ ಬಿಟ್ಟಿರಲಿಲ್ಲ.

“ನಂಗೂ ಅಮ್ಮಾ.”

“ಮೆಷಿನ್ ಸರಿಹೋಯ್ತಾ?”

ನಾಳೆ ಬರುತ್ತೇನೆ ಎಂದು ಹೇಳಿ ಮಾವ ಹೊರಟ. ಕೆಮ್ಮುವುದನ್ನೂ ಮರೆತು ಮೆಟ್ಟಿಲಿಳಿಯುತ್ತಿದ್ದವನಿಗೆ ತಿರುವಿನಲ್ಲಿ ಒಬ್ಬ ಎದುರಾದ. ಕಪ್ಪು ಮುಖ, ಸುರುಳಿ ಕೂದಲು, ಅಗಲ ಮೂಗು, ಹೆಗಲ ಮೇಲೆ ದೊಡ್ಡ ಗಂಟು. ಯೋಚಿಸುವ ಮೊದಲೇ ಮಾವ ಸಾಮಾನಿನ ಬ್ಯಾಗನ್ನು ಎದೆಗವಚಿಕೊಂಡು ಗೋಡೆಗೆ ಅಂಟಿ ನಿಂತಿದ್ದ.

ಎದುರಿನವನು ಬಟ್ಟೆ ಇಸ್ತ್ರಿ ಮಾಡಿ ತರುವವನು. ಅವನೂ ನಿಂತ. ಮಾವನ ಮುಖವನ್ನೇ ನೋಡಿದ, ಗುರುತು ಹಿಡಿದ, ಗಂಟನ್ನು ಈ ಹೆಗಲಿಂದ ಆ ಹೆಗಲಿಗೆ, ಮಾವನಿಂದ ದೂರದ ಹೆಗಲಿಗೆ, ಬದಲಿಸಿಕೊಂಡ. ತಾತ ಹೊಳೆಯಾಚೆಯಿಂದ ತಂದ ಮಾತಿನಲ್ಲಿ ಒಂದು “ಚೆನ್ನಾಗಿದ್ದೀಯಾ?” ಅಂದಿದ್ದರೆ ಸಾಕಿತ್ತು. ಇಬ್ಬರಿಗೂ ಆ ಮಾತು ಬರುತ್ತಿತ್ತು. ಒಬ್ಬರೂ ಬಾಯಿ ಬಿಡದೆ, ಒಬ್ಬರ ಕೈಯನ್ನೊಬ್ಬರು ನೋಡುತ್ತ ದಾಟಿಕೊಂಡರು.

ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತು ಮಾವ ಹೆಂಡತಿಗೆ ಫೋನ್ ಮಾಡಿದ. ಬಚ್ಚಲಲ್ಲಿ ಕೂಡಿಹಾಕಿದ್ದನ್ನು ಹೇಳಲೇ ಇಲ್ಲ.

“ನಮ್ಮವನೊಬ್ಬನ್ನ ನೋಡಿ ಹೆದರಿಬಿಟ್ಟೆ ಕಣೇ.”

“ಅವನೇನು ಮಾಡ್ದ?”

“ಅವನೂ ಹೆದರ್ದ.”

ಹೆಂಡತಿ ಎಲ್ಲಿದ್ದೀರಿ ಎಂದು ಕೇಳಿ ತಿಳಿದುಕೊಂಡಳು. “ಅಲ್ಲೇ ಕೂತಿರಿ, ನಾನು ಬರ್ತೀನಿ,” ಅಂದಳು.

ಮಾವ ಕೂತ. ಮೇಲಿನಿಂದ ಯಾರೋ ಇಳಿದು ಬರುವ ಹೆಜ್ಜೆ ಕೇಳಿಸಿತು. ತಿರುಗಿ ನೋಡುವ ಧೈರ್ಯವಾಗದೆ, ಅವನು ಬ್ಯಾಗನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.