ಟಿಕ್ ಮಾವನ ಟಾರ್ಕ್ ರೆಂಚು

ಬೀದಿಯವರೆಲ್ಲ ಟಿಕ್ ಮಾವ ಎಂದು ಕರೆಯುವ ಈ ಮೆಕ್ಯಾನಿಕ್, ತನ್ನ ಹಳೆಯ ಟಾರ್ಕ್ ರೆಂಚು ಟಿಕ್ ಎನ್ನುವ ತನಕ ಯಾರ ಗಾಡಿಯನ್ನೂ ಬಿಟ್ಟುಕೊಡುವವನಲ್ಲ. ಚಕ್ರದ ಬೋಲ್ಟು ಸಾಕಷ್ಟು ಬಿಗಿಯಾಯಿತೆಂದು ಅದೇ ಹೇಳಬೇಕು. ಗಿರಾಕಿ ಅವಸರಪಟ್ಟರೆ, "ಮೊದ್ಲು ಅದು ಮಾತಾಡ್ಲಿ, ಆಮೇಲೆ ನೀವು" ಎನ್ನುತ್ತಾನೆ. ಸಂಜೆ ಅದರ ಸ್ಪ್ರಿಂಗು ಸಡಿಲಿಸಿ, ಮಗುವನ್ನು ಮಲಗಿಸಿದಂತೆ ಬಟ್ಟೆಯಲ್ಲಿ ಸುತ್ತಿಡುತ್ತಾನೆ. ಈಚೆಗೆ ರೆಂಚು ಟಿಕ್ ಎನ್ನುತ್ತಿಲ್ಲ, ಅದರ ಬಾಯಿ ಕಟ್ಟಿಹೋಗಿದೆಯೆಂದು ಅವನಿಗೆ ಊಟ ಸೇರುತ್ತಿಲ್ಲ. ಅಳತೆ ಸರಿಮಾಡಿಸುವುದೋ, ಹೊಸದು ತರುವುದೋ? ಜೊತೆಯಲ್ಲೇ ಕೆಲಸ ಮಾಡುವ ಮಗಳು ಅದನ್ನೆತ್ತಿ ಒಂದು ಬೋಲ್ಟು ಬಿಗಿದಳು. "ಟಿಕ್ ಅಂದ್ತಲ್ಲಪ್ಪಾ, ಕೇಳಿಸ್ಲಿಲ್ವಾ?" ಮಾವ ಅವಳ ಕೈಮೇಲೆ ಕೈಯಿಟ್ಟು, "ಇನ್ನೊಂದು ಬಿಗಿ" ಎಂದ. ಇಷ್ಟು ಕಾಲ ಕಿವಿಯನ್ನೇ ನಂಬಿದವನ ಅಂಗೈಗೆ ರೆಂಚಿನ ಸಣ್ಣ ಮಿಡಿತ ತಾಕಿತು. "ಹೊಸದು ಬೇಡ ಮಗಾ, ಅಳತೆ ತೋರಿಸ್ಕೊಂಡು ಬರೋಣ" ಎಂದು ನಕ್ಕ. "ಹಾಗೇ ನನ್ನ ಕಿವೀನೂ."