ಇಲ್ಲದ ಕೇಬಲ್ ಮೇಲಿನ ಸೀರೆ

ನಾನು ಇಂಟರ್‌ನೆಟ್ ಕಂಪನಿಯೊಂದರ ಲೈನ್ ನೋಡಿಕೊಳ್ಳುವವನು. ನಲ್ಲೂರಿನ ಆಚೆ ಎದ್ದ ವಿಲ್ಲಾಗಳಿಗೆ ಹೋಗುವ ಕೇಬಲ್ಲನ್ನು ಗೌರಮ್ಮನವರ ತೆಂಗಿನ ಮರಕ್ಕೆ, ಅವರನ್ನು ಒಂದು ಮಾತೂ ಕೇಳದೆ, ನಾವೇ ಕಟ್ಟಿದ್ದೆವು. ಮೊನ್ನೆ ಹೋದಾಗ ಜೋತುಬಿದ್ದ ಆ ಕೇಬಲ್ ಮೇಲೆ ಅವರು ಸೀರೆ ಒಣಗಹಾಕಿದ್ದರು.

"ತೆಗೀರಮ್ಮ, ಕೇಬಲ್ ಹಾಳಾಗುತ್ತೆ," ಅಂದೆ.

"ನಮ್ಮನೆಗೂ ಕನೆಕ್ಷನ್ ಕೊಡು, ತೆಗೀತೀನಿ. ಮೂರು ಕಂಪನಿಯೋರ್ನ ಕೇಳಾಯ್ತು, ವಿಲ್ಲಾದೋರಿಗೆ ಮಾತ್ರ ಅಂತಾರೆ."

ಮೊಬೈಲಿನಲ್ಲಿ ನಮ್ಮ ಕಂಪನಿಯ ಆ್ಯಪ್ ತೆರೆದು ಅವರ ಮನೆಯ ಜಾಗ ಹಾಕಿ ನೋಡಿದೆ. ಈ ಪ್ರದೇಶದಲ್ಲಿ ನಮ್ಮ ಕೇಬಲ್ ಇಲ್ಲ ಅಂತ ಬಂತು. ಬೇರೆ ದಾರಿಯಿಲ್ಲದೆ ಅದನ್ನೇ ಓದಿ ಹೇಳಿದೆ.

ಗೌರಮ್ಮ ಬಕೆಟ್ಟಿನಿಂದ ಇನ್ನೊಂದು ಸೀರೆ ಎತ್ತಿ, ಹಿಂಡಿ, ಆ ಕೇಬಲ್ ಮೇಲೇ ಹರವಿದರು.

"ಇಲ್ಲ ಅಂದ್ಮೇಲೆ ಹಾಳಾಗೋದೇನಪ್ಪಾ?"

ಆಫೀಸಿಗೆ ವರದಿ ಕಳಿಸಿದೆ: ಈ ಪ್ರದೇಶದಲ್ಲಿ ನಮ್ಮ ಕೇಬಲ್ ಇಲ್ಲದ ಕಾರಣ ಅದರ ಮೇಲಿನ ಸೀರೆಗಳನ್ನು ತೆಗೆಸಲು ಸಾಧ್ಯವಾಗಲಿಲ್ಲ.